ಹೊಸ ಆವೃತ್ತಿ ಇನ್‌ಸ್ಟಾಲ್ ಆಗದಿದ್ದರೆ ಫೋನ್ ಕೆಟ್ಟಿಲ್ಲ: ಆ್ಯಪ್‌ಗಳ ಸಹಿಯ ಬಗ್ಗೆ ನಾಲ್ಕು ಮಾತು



ತಾಳವಾಡಿಯ ನಮ್ಮ ಸದಸ್ಯರೊಬ್ಬರು ಈಚೆಗೆ ಫೋನ್ ಹಿಡಿದುಕೊಂಡು ಬಂದರು. ಅವರು ಬಳಸುವುದು ಇಂಡಿಕ್ ಕೀಬೋರ್ಡ್. ಮನೆಯವರಿಗೆ ಕನ್ನಡ, ಕಚೇರಿ ಕೆಲಸಕ್ಕೆ ತಮಿಳು, ಎರಡನ್ನೂ ಅದರಲ್ಲೇ ಬರೆಯುತ್ತಾರೆ. ಚಾಮರಾಜನಗರದ ನೆಂಟರೊಬ್ಬರು ಅದರ ಹೊಸ ಆವೃತ್ತಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಎಪಿಕೆ ಫೈಲ್ ಕಳಿಸಿದ್ದರು. ಹಾಕಲು ಹೋದರೆ ‘ಆ್ಯಪ್ ಇನ್‌ಸ್ಟಾಲ್ ಆಗಿಲ್ಲ’ ಎಂದು ಬರುತ್ತಿತ್ತು. “ಫೋನ್ ಹಳೇದಾಯ್ತು ಅಂತ ಕಾಣುತ್ತೆ ಸಾರ್, ಹೊಸದು ತಗೋಬೇಕಾ?” ಎಂದು ಕೇಳಿದರು.

ಹೊಸ ಫೋನ್ ಬೇಕಿರಲಿಲ್ಲ. ಆ ಫೈಲಿನ ಮೇಲಿದ್ದ ಸಹಿ ಬೇರೆಯಾಗಿತ್ತು, ಅದಕ್ಕೇ ಫೋನ್ ಒಪ್ಪಿರಲಿಲ್ಲ. ದಿಂಬಂ ಘಾಟಿಯ 27 ತಿರುವುಗಳ ಮೇಲಿರುವ ನಮ್ಮ ಊರುಗಳಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಒಬ್ಬರ ಫೋನಿನಿಂದ ಇನ್ನೊಬ್ಬರಿಗೆ ಆ್ಯಪ್ ದಾಟಿಸುವ ರೂಢಿ ಇದೆ. ಅದಕ್ಕಾಗಿ ಈ ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಬರೆಯುತ್ತಿದ್ದೇವೆ.

ಸಹಿ ಎಂದರೇನು?

ಆ್ಯಂಡ್ರಾಯ್ಡ್‌ನಲ್ಲಿ ಸಹಿ ಇಲ್ಲದ ಆ್ಯಪ್ ಇನ್‌ಸ್ಟಾಲ್ ಆಗುವುದೇ ಇಲ್ಲ. ಈ ಸಹಿ ಪೆನ್ನಿನಿಂದ ಹಾಕುವುದಲ್ಲ. ಆ್ಯಪ್ ಹೊರತರುವವರ ಬಳಿ ಒಂದು ರಹಸ್ಯ ಕೀಲಿ ಇರುತ್ತದೆ. ಅದರಿಂದ ಫೈಲಿಗೆ ಮುದ್ರೆ ಒತ್ತುತ್ತಾರೆ. ಆಮೇಲೆ ಫೈಲಿನಲ್ಲಿ ಯಾರಾದರೂ ಏನಾದರೂ ತಿದ್ದಿದರೆ ಮುದ್ರೆ ಹೊಂದುವುದಿಲ್ಲ.

ಅಪ್‌ಡೇಟ್ ಬಂದಾಗ ಫೋನ್ ಮುಖ್ಯವಾಗಿ ಎರಡು ಸಂಗತಿ ನೋಡುತ್ತದೆ. ಆವೃತ್ತಿಯ ಸಂಖ್ಯೆ ಹಳೆಯದಕ್ಕಿಂತ ಹಿಂದಿನದಾಗಿರಬಾರದು. ಸಹಿ ಮೊದಲು ಹಾಕಿಕೊಂಡ ಆ್ಯಪ್‌ನ ಸಹಿಯೇ ಆಗಿರಬೇಕು. ಗಡಿಯವರಾದ ನಮಗೆ ಇದು ಹೊಸದೇನಲ್ಲ. ಆಚೆ ಪಹಣಿ, ಈಚೆ ಪಟ್ಟಾ. ಎರಡೂ ಅಸಲಿ ಸರ್ಕಾರಿ ಕಾಗದಗಳೇ. ಆದರೆ ಚಾಮರಾಜನಗರದ ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ತಾಳವಾಡಿ ತಾಲ್ಲೂಕು ಕಚೇರಿಯಲ್ಲಿ ತಿದ್ದಿಸಲಾಗುವುದಿಲ್ಲ. ಕೊಟ್ಟವರೇ ತಿದ್ದಬೇಕು.

ಎಫ್-ಡ್ರಾಯ್ಡ್ ಮಾಡುವ ಕೆಲಸ

ಎಫ್-ಡ್ರಾಯ್ಡ್ ಎಂಬುದು 2010ರಲ್ಲಿ ಶುರುವಾದ, ಮುಕ್ತ ತಂತ್ರಾಂಶದ ಆ್ಯಪ್‌ಗಳನ್ನು ಮಾತ್ರ ಕೊಡುವ ಭಂಡಾರ. ಇಂಡಿಕ್ ಕೀಬೋರ್ಡ್, ವಿಕಿಪೀಡಿಯ, ವಿಎಲ್‌ಸಿ, ನಕ್ಷೆಯ ಓಸ್ಮ್‌ಆ್ಯಂಡ್ ಮುಂತಾದವು ಅಲ್ಲಿ ಸಿಗುತ್ತವೆ. ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ.

ಬಹುಪಾಲು ಆ್ಯಪ್‌ಗಳ ವಿಷಯದಲ್ಲಿ, ಬರೆದವರು ಕೊಟ್ಟ ಸಿದ್ಧ ಫೈಲನ್ನು ಎಫ್-ಡ್ರಾಯ್ಡ್ ಹಾಗೆಯೇ ಹಂಚುವುದಿಲ್ಲ. ಎಲ್ಲರಿಗೂ ಕಾಣುವಂತಿರುವ ಮೂಲ ಸಂಕೇತವನ್ನು ತೆಗೆದುಕೊಂಡು, ತನ್ನದೇ ಯಂತ್ರದಲ್ಲಿ ಆ್ಯಪ್ ಕಟ್ಟಿ, ತನ್ನ ಸಹಿ ಹಾಕುತ್ತದೆ. ಹೀಗಾಗಿ ಒಂದೇ ಆ್ಯಪ್ ಪ್ಲೇ ಸ್ಟೋರಿನಿಂದ ಬಂದಾಗ ಒಂದು ಸಹಿ, ಎಫ್-ಡ್ರಾಯ್ಡ್‌ನಿಂದ ಬಂದಾಗ ಇನ್ನೊಂದು ಸಹಿ ಇರಬಹುದು. ಎರಡೂ ಅಸಲಿಯೇ ಆದರೂ ಒಂದರ ಮೇಲೆ ಇನ್ನೊಂದು ಕೂರುವುದಿಲ್ಲ.

ಇದಕ್ಕೊಂದು ಪರಿಹಾರವೂ ಇದೆ. ಎಫ್-ಡ್ರಾಯ್ಡ್ ಕಟ್ಟಿದ ಆ್ಯಪ್ ಮತ್ತು ಬರೆದವರು ಕಟ್ಟಿದ ಆ್ಯಪ್, ಸಹಿಯೊಂದನ್ನು ಬಿಟ್ಟು ಉಳಿದೆಲ್ಲ ಅಕ್ಷರಶಃ ಒಂದೇ ಆಗಿದ್ದರೆ, ಬರೆದವರ ಸಹಿಯಲ್ಲೇ ಅದನ್ನು ಹಂಚಬಹುದು. ಅಂಥ ಆ್ಯಪ್‌ಗಳೂ ಅಲ್ಲಿವೆ. ಇಜ್ಜಿಆನ್‌ಡ್ರಾಯ್ಡ್ ಎಂಬ ಇನ್ನೊಂದು ಭಂಡಾರ ಬರೆದವರೇ ಸಹಿ ಹಾಕಿದ ಫೈಲುಗಳನ್ನು ಕೊಡುತ್ತದೆ.

ಅಪಾಯ ಇರುವುದು ಮೊದಲ ಸಲ

ಗಮನಿಸಬೇಕಾದ ಮಾತು ಇದು. ಫೋನ್ ಸಹಿಯನ್ನು ಹೋಲಿಸಿ ನೋಡುವುದು ಹಳೆಯ ಆವೃತ್ತಿ ಫೋನಿನಲ್ಲಿ ಇದ್ದಾಗ ಮಾತ್ರ. ಆ್ಯಪ್ ಮೊದಲ ಸಲ ಬರುವಾಗ ಹೋಲಿಸಲು ಏನೂ ಇರುವುದಿಲ್ಲ. ಯಾರ ಸಹಿ ಇದ್ದರೂ ಒಪ್ಪುತ್ತದೆ. ನಮ್ಮ ಸದಸ್ಯರು ಹಳೆಯ ಕೀಬೋರ್ಡ್ ತೆಗೆದುಹಾಕಿ ವಾಟ್ಸ್‌ಆ್ಯಪ್ ಫೈಲನ್ನು ಹಾಕಿದ್ದರೆ ಅದು ಸಲೀಸಾಗಿ ಇನ್‌ಸ್ಟಾಲ್ ಆಗುತ್ತಿತ್ತು. ಆ ಫೈಲ್ ಒಳ್ಳೆಯದೋ ಕೆಟ್ಟದ್ದೋ ನೆಂಟರಿಗೂ ಗೊತ್ತಿರಲಿಲ್ಲ, ಅವರಿಗೂ ಯಾರೋ ಕಳಿಸಿದ್ದು. ಕೀಬೋರ್ಡ್ ಎಂದರೆ ನಾವು ಒತ್ತುವ ಪ್ರತಿ ಅಕ್ಷರವೂ ಹಾದುಹೋಗುವ ಬಾಗಿಲು. ಬ್ಯಾಂಕಿನ ಪಾಸ್‌ವರ್ಡ್ ಕೂಡ ಅಲ್ಲಿಂದಲೇ ಹೋಗುತ್ತದೆ.

ಭಂಡಾರದಿಂದ ಇಳಿಸಿಕೊಂಡರೆ ಮೊದಲ ಸಲಕ್ಕೂ ಕಾವಲಿರುತ್ತದೆ. ಎಫ್-ಡ್ರಾಯ್ಡ್ ತನ್ನಲ್ಲಿರುವ ಆ್ಯಪ್‌ಗಳ ಪಟ್ಟಿಗೇ ಸಹಿ ಹಾಕಿರುತ್ತದೆ. ಪಟ್ಟಿಯಲ್ಲಿ ಪ್ರತಿ ಫೈಲಿನ ಬೆರಳಚ್ಚಿನಂಥ ಗುರುತು ಇರುತ್ತದೆ. ದಾರಿಯಲ್ಲಿ ಒಂದಕ್ಷರ ಬದಲಾದರೂ ಗುರುತು ತಾಳೆಯಾಗದೆ ಫೈಲ್ ತಿರಸ್ಕೃತವಾಗುತ್ತದೆ.

ಅಪ್‌ಡೇಟ್ ಏಕೆ ತಡ?

ಬರೆದವರು ಹೊಸ ಆವೃತ್ತಿ ಬಿಟ್ಟ ಮೇಲೆ ಎಫ್-ಡ್ರಾಯ್ಡ್ ಅದನ್ನು ತಾನೇ ಕಟ್ಟಬೇಕು, ಪ್ರತ್ಯೇಕವಾಗಿ ಇಟ್ಟಿರುವ ಯಂತ್ರದಲ್ಲಿ ಸಹಿ ಹಾಕಬೇಕು. ಇದಕ್ಕೆ ಕೆಲವು ದಿನ ಹಿಡಿಯುತ್ತದೆ. ಸುರಕ್ಷತೆಯ ದೋಷ ಸರಿಪಡಿಸಿದ ಆವೃತ್ತಿಯೂ ಅಷ್ಟೇ ತಡವಾಗಿ ಬರಬಹುದು. ಇದು ಈ ಪದ್ಧತಿಯ ಕೊರತೆ.

ಇನ್ನೊಂದು ಮಿತಿಯೂ ಇದೆ. ಸಹಿ ‘ಇದು ಯಾರದು’ ಎಂದು ಹೇಳುತ್ತದೆ, ‘ಅವರು ಒಳ್ಳೆಯವರು’ ಎಂದು ಹೇಳುವುದಿಲ್ಲ. ಸಿಂಪಲ್ ಮೊಬೈಲ್ ಟೂಲ್ಸ್ ಎಂಬ ಜನಪ್ರಿಯ ಮುಕ್ತ ಆ್ಯಪ್‌ಗಳ ಗುಂಪು 2023ರ ಕೊನೆಯಲ್ಲಿ ಬೇರೆ ಕಂಪನಿಗೆ ಮಾರಾಟವಾಯಿತು. ಕೀಲಿಯೂ ಕೈ ಬದಲಾಯಿಸಿದರೆ ಹೊಸ ಒಡೆಯರ ಅಪ್‌ಡೇಟನ್ನು ಫೋನ್ ಹಳೆಯದರಂತೆಯೇ ಒಪ್ಪುತ್ತದೆ. ಆದರೆ ಮೂಲ ಸಂಕೇತ ಮುಕ್ತವಾಗಿದ್ದುದರಿಂದ, ಅದೇ ಕೆಲಸವನ್ನು ಫಾಸಿಫೈ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಲು ಸಾಧ್ಯವಾಯಿತು.

ನಾವು ಮಾಡಬೇಕಾದದ್ದು

1. ಒಂದು ಆ್ಯಪ್‌ಗೆ ಒಂದೇ ಮೂಲ ಇರಲಿ. ಪ್ಲೇ ಸ್ಟೋರಿನಿಂದ ಹಾಕಿದ್ದನ್ನು ಅಲ್ಲಿಂದಲೇ, ಎಫ್-ಡ್ರಾಯ್ಡ್‌ನಿಂದ ಹಾಕಿದ್ದನ್ನು ಅಲ್ಲಿಂದಲೇ ಅಪ್‌ಡೇಟ್ ಮಾಡಿ.

2. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಬೇಡಿ, ಮುಂದಕ್ಕೂ ಕಳಿಸಬೇಡಿ. ಮದುವೆ ಕರೆಯೋಲೆ ಎಂದು ಬಂದರೂ ಅಷ್ಟೇ.

3. ಎಫ್-ಡ್ರಾಯ್ಡ್ ಆ್ಯಪ್ ಪ್ಲೇ ಸ್ಟೋರಿನಲ್ಲಿ ಇಲ್ಲ. ಅದರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಸಿಗ್ನಲ್ ಚೆನ್ನಾಗಿರುವ ಕಡೆ ಹೋದಾಗ ಅಪ್‌ಡೇಟುಗಳನ್ನೆಲ್ಲ ಒಟ್ಟಿಗೆ ಮುಗಿಸಿ.

4. ಮೂಲ ಬದಲಿಸಲೇಬೇಕಿದ್ದರೆ ಹಳೆಯ ಆ್ಯಪ್ ತೆಗೆಯಬೇಕಾಗುತ್ತದೆ. ತೆಗೆದರೆ ಅದರೊಳಗಿನ ಟಿಪ್ಪಣಿ, ಕಲಿತ ಪದ, ಸೆಟ್ಟಿಂಗ್ ಎಲ್ಲ ಹೋಗುತ್ತವೆ. ಮೊದಲು ನಕಲು ಉಳಿಸಿಕೊಳ್ಳಿ.

ನಮ್ಮ ಸದಸ್ಯರು ಆ ಫೈಲನ್ನು ಅಳಿಸಿ, ಕೀಬೋರ್ಡ್ ಮೊದಲು ಎಲ್ಲಿಂದ ಬಂದಿತ್ತೋ ಅಲ್ಲಿಂದಲೇ ಅಪ್‌ಡೇಟ್ ಮಾಡಿಕೊಂಡರು. ಹೊಸ ಫೋನಿನ ಖರ್ಚು ಉಳಿಯಿತು. ನಿಮ್ಮ ಫೋನಿನಲ್ಲೂ ಇಂಥ ತೊಂದರೆ ಇದ್ದರೆ ಮುಂದಿನ ಸಭೆಗೆ ಬರುವಾಗ ತನ್ನಿ, ಒಟ್ಟಿಗೆ ಕೂತು ನೋಡೋಣ.