ತೊಟ್ಟಿಯ ನೀರಿನಲ್ಲಿ ಯಾವ ಹುಳ?

ತೊಟ್ಟಿಯ ನೀರಿನಲ್ಲಿ ಸಣ್ಣ ಹುಳಗಳು ಕುಣಿಯುವುದನ್ನು ನಾವೆಲ್ಲ ನೋಡಿದ್ದೇವೆ. "ನೀರಿನ ಹುಳ, ಬಿಡ್ರೀ" ಅಂತ ಸುಮ್ಮನಾಗುತ್ತೇವೆ. ಆದರೆ ಅವುಗಳಲ್ಲಿ ಹೆಚ್ಚಿನವು ಸೊಳ್ಳೆಯ ಮರಿಗಳು. ಇನ್ನೊಂದು ವಾರದಲ್ಲಿ ರೆಕ್ಕೆ ಬಂದು ಹಾರಿಹೋಗುತ್ತವೆ. ಹಾರುವ ಸೊಳ್ಳೆಯನ್ನು ಹಿಡಿಯುವುದು ಕಷ್ಟ. ನೀರಿನಲ್ಲಿರುವ ಮರಿಯನ್ನು ಕೊಲ್ಲುವುದು ಸುಲಭ.

ಗುರುತಿಸುವುದು ಹೇಗೆ? ಆ ನೀರನ್ನು ಒಂದು ಬಿಳಿ ಬಟ್ಟಲಿಗೆ ಹಾಕೋಣ. ಬೆಳಕಿನಲ್ಲಿಟ್ಟು, ಅಲುಗಾಡಿಸದೆ ನೋಡೋಣ. ಸೊಳ್ಳೆಮರಿಗೆ ಕಾಲಿಲ್ಲ. ತಲೆ ದುಂಡು, ಎದೆ ದಪ್ಪ, ಹೊಟ್ಟೆ ಉದ್ದ. ಮೈ ಬಳುಕಿಸಿ ಈಜುತ್ತದೆ. ಅದು ಉಸಿರಾಡುವುದು ಬಾಲದ ಕಡೆಯಿಂದ! ಅದಕ್ಕೇ ಮತ್ತೆ ಮತ್ತೆ ನೀರಿನ ಮೇಲಕ್ಕೆ ಬರುತ್ತದೆ. ಆಗ ಅದು ಹೇಗೆ ನಿಲ್ಲುತ್ತದೆ, ನೋಡಿ. ಗುರುತು ಇರುವುದು ಅಲ್ಲೇ.

1. ಅನಾಫಿಲಿಸ್ ಮರಿ: ನೀರಿನ ಮೇಲೆ ಕಡ್ಡಿಯ ಹಾಗೆ ಅಡ್ಡ ಮಲಗುತ್ತದೆ. ಇದರ ಬಾಲದಲ್ಲಿ ಉಸಿರಿನ ಕೊಳವೆ ಇಲ್ಲ. ಬಾವಿ, ತೊಟ್ಟಿ, ಹಳ್ಳದ ಅಂಚಿನಲ್ಲಿ ಸಿಗುತ್ತದೆ. ಈ ಜಾತಿಯ ಕೆಲವು ಸೊಳ್ಳೆಗಳು ಮಲೇರಿಯಾ ಹರಡುತ್ತವೆ.

2. ಕ್ಯೂಲೆಕ್ಸ್ ಮರಿ: ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತದೆ. ಕೊಳವೆ ಉದ್ದ, ತೆಳ್ಳಗೆ. ಚರಂಡಿ, ಕೊಚ್ಚೆ ನೀರು ಇದಕ್ಕೆ ಇಷ್ಟ. ಆನೆಕಾಲು ರೋಗ ಹರಡುವುದು ಈ ಜಾತಿ. ಗದ್ದೆಯ ನೀರಿನಲ್ಲಿ ಬೆಳೆಯುವ ಇದರ ನೆಂಟರು ಮೆದುಳು ಜ್ವರ ಹರಡುತ್ತಾರೆ.

3. ಈಡಿಸ್ ಮರಿ: ತಲೆ ಕೆಳಗೆ ಮಾಡಿ ಹೆಚ್ಚುಕಡಿಮೆ ನೆಟ್ಟಗೆ ನೇತಾಡುತ್ತದೆ. ಕೊಳವೆ ಗಿಡ್ಡ, ದಪ್ಪ. ಡ್ರಮ್ಮು, ಹಳೇ ಟೈರು, ತೆಂಗಿನ ಚಿಪ್ಪು, ಹೂವಿನ ಕುಂಡದ ತಟ್ಟೆಯಲ್ಲಿ ನಿಂತ ನೀರೇ ಇದಕ್ಕೆ ಸಾಕು. ಡೆಂಗಿ, ಚಿಕೂನ್‌ಗುನ್ಯ ಹರಡುವುದು ಇದೇ. 2006ರಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಚಿಕೂನ್‌ಗುನ್ಯ ಬಂದು, ಕೀಲುನೋವಿನಿಂದ ಜನ ಮೇಲೇಳಲಾರದೆ ಮಲಗಿದ್ದರು.

ನೀರಿನ ತಳದಲ್ಲಿ ಕೆಂಪು ದಾರದಂಥ ಹುಳ ಕಂಡಿತೇ? ಅದು ಸೊಳ್ಳೆಮರಿ ಅಲ್ಲ. ಅದು ಬೆಳೆದು ಹಾರಿದರೂ ನಮ್ಮನ್ನು ಕಚ್ಚುವುದಿಲ್ಲ.

ಈಗ ಏನು ಮಾಡೋಣ? ವಾರಕ್ಕೊಂದು ದಿನ ತೊಟ್ಟಿ, ಡ್ರಮ್ಮು ಖಾಲಿ ಮಾಡೋಣ. ಆ ನೀರನ್ನು ಚರಂಡಿಗೆ ಬಿಡದೆ ಒಣ ಮಣ್ಣಿಗೆ ಚೆಲ್ಲೋಣ. ಮರಿಗಳು ಅಲ್ಲೇ ಸಾಯುತ್ತವೆ. ಬರೀ ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಯಾಕೆ ಗೊತ್ತಾ? ಈಡಿಸ್ ಸೊಳ್ಳೆ ಮೊಟ್ಟೆಯನ್ನು ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ನೀರು ಬಿದ್ದ ಕೂಡಲೇ ಮರಿಯಾಗುತ್ತದೆ.

ತೊಳೆದು ಒಣಗಿಸಿ, ನೀರು ತುಂಬಿ, ಬಟ್ಟೆ ಕಟ್ಟಿ ಮುಚ್ಚೋಣ. ಬಾವಿಯನ್ನು ಖಾಲಿ ಮಾಡಲಾಗದು, ಅಲ್ಲವೇ? ಅದಕ್ಕೆ ಮರಿ ತಿನ್ನುವ ಗಪ್ಪಿ ಮೀನು ಬಿಡಬಹುದು. ಅದರ ಬಗ್ಗೆ ನಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳೋಣ.

ನಮ್ಮ ಮನೆಯವರು ಮಾತ್ರ ತೊಳೆದರೆ ಸಾಲದು. ಪಕ್ಕದ ಮನೆಯ ಸೊಳ್ಳೆ ನಮ್ಮ ಮನೆಗೂ ಬರುತ್ತದೆ. ಬಟ್ಟಲಿನಲ್ಲಿ ಕಂಡದ್ದನ್ನು ಅಕ್ಕಪಕ್ಕದವರಿಗೂ ತೋರಿಸೋಣ.