ಕಟ್ಟಡದ ಜೊತೆ ಬೆಳೆಯುವ ಲಿಫ್ಟು: ಹಾಯಿಸ್ಟ್ ಕೆಡುವ ಮೊದಲೇ ನೋಡಿಕೊಳ್ಳುವುದು ಹೇಗೆ?

ಬೆಂಗಳೂರಿನ ಹೆಬ್ಬಾಳ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆ ಹೋದರೆ, ಕಟ್ಟುತ್ತಿರುವ ಬಹುಮಹಡಿ ಕಟ್ಟಡಗಳ ಹೊರಮೈಗೆ ಅಂಟಿಕೊಂಡು ಏರಿಳಿಯುವ ಕಬ್ಬಿಣದ ಪಂಜರಗಳು ಕಾಣುತ್ತವೆ. ಗಾರೆಯವರು, ಎಂಜಿನಿಯರುಗಳು, ಸಿಮೆಂಟ್ ಮೂಟೆ, ಟೈಲ್ಸ್ ಪೆಟ್ಟಿಗೆ ಎಲ್ಲವನ್ನೂ ಹೊತ್ತೊಯ್ಯುವ ಈ ಯಂತ್ರವೇ ಕನ್‌ಸ್ಟ್ರಕ್ಷನ್ ಹಾಯಿಸ್ಟ್. ಅಪಾರ್ಟ್‌ಮೆಂಟಿನ ಲಿಫ್ಟನ್ನು ಒಮ್ಮೆ ಕೂರಿಸಿದರೆ ಅದರ ಎತ್ತರ ಮತ್ತೆ ಬದಲಾಗುವುದಿಲ್ಲ. ಹಾಯಿಸ್ಟ್ ಹಾಗಲ್ಲ; ಮಹಡಿಗಳು ಏರಿದ ಹಾಗೆಲ್ಲ ಅದನ್ನೂ ಏರಿಸುತ್ತ ಹೋಗಬೇಕು. ಹೀಗೆ ಎತ್ತರ ಹೆಚ್ಚಿಸಿದ ಪ್ರತಿ ಸಲವೂ ಅದು ಹೊಸದಾಗಿ ಜೋಡಿಸಿದ ಯಂತ್ರ ಎಂದೇ ಭಾವಿಸಿ ಪರೀಕ್ಷಿಸಬೇಕು. ಇದರ ನಿರ್ವಹಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು. ಈ ಪಾಠ ಮರೆತಾಗ ಏನಾಗುತ್ತದೆ ಎಂಬುದಕ್ಕೆ ದಾಖಲೆಗಳಿವೆ.

ಹಲ್ಲು ಹಿಡಿದು ಹತ್ತುವ ಪಂಜರ

ಈಗ ಎತ್ತರದ ಕಟ್ಟಡಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ರ‍್ಯಾಕ್ ಅಂಡ್ ಪಿನಿಯನ್ ಹಾಯಿಸ್ಟ್. ನೆಲದಿಂದ ನೇರವಾಗಿ ನಿಂತ ಉಕ್ಕಿನ ಕಂಬವೇ ಮಾಸ್ಟ್. ಅದರ ಉದ್ದಕ್ಕೂ ಹಲ್ಲುಗಳಿರುವ ಪಟ್ಟಿ ಕೂರಿಸಿರುತ್ತಾರೆ, ಅದು ರ‍್ಯಾಕ್. ಪಂಜರದ ಮೇಲಿರುವ ಎರಡು ಅಥವಾ ಮೂರು ಮೋಟಾರುಗಳು ಗೇರ್‌ಬಾಕ್ಸ್ ಮೂಲಕ ಪಿನಿಯನ್ ಎಂಬ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತವೆ. ಪಿನಿಯನ್ ರ‍್ಯಾಕಿನ ಹಲ್ಲುಗಳನ್ನು ಹಿಡಿದು ಪಂಜರವನ್ನು ಮೇಲಕ್ಕೆ ಒಯ್ಯುತ್ತದೆ. ಪಿನಿಯನ್ ರ‍್ಯಾಕಿನಿಂದ ದೂರ ಸರಿಯದಂತೆ ರ‍್ಯಾಕಿನ ಬೆನ್ನಿಗೆ ಒಂದು ರೋಲರ್ ಒತ್ತಿಕೊಂಡಿರುತ್ತದೆ. ಪಂಜರ ಓಲಾಡದಂತೆ ಗೈಡ್ ರೋಲರುಗಳು ಮಾಸ್ಟಿನ ಕೊಳವೆಗಳನ್ನು ಎಲ್ಲ ಕಡೆಯಿಂದ ಹಿಡಿದಿರುತ್ತವೆ. ಆ ರೋಲರುಗಳು ಮುರಿದರೂ ಪಂಜರ ಮಾಸ್ಟಿನಿಂದ ಕಳಚದಿರಲಿ ಎಂದು ಸುರಕ್ಷಾ ಕೊಕ್ಕೆಗಳಿರುತ್ತವೆ.

ಮಾಸ್ಟ್ ಒಂದೇ ಉದ್ದನೆಯ ಕಂಬವಲ್ಲ. ಸುಮಾರು ಒಂದೂವರೆ ಮೀಟರಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಪ್ರತಿ ಸಂದಿಯನ್ನು ನಾಲ್ಕು ಮೂಲೆಗಳಲ್ಲಿ ನಾಲ್ಕು ಬೋಲ್ಟು ಹಾಕಿ ಬಿಗಿಯುತ್ತಾರೆ. ನೂರು ಮೀಟರ್ ಎತ್ತರಕ್ಕೆ ಸುಮಾರು 66 ತುಂಡು ಬೇಕು. ಅಂದರೆ ಸಂದಿಗಳಲ್ಲೇ 260ರಷ್ಟು ಬೋಲ್ಟುಗಳಾದವು. ಇವಲ್ಲದೆ ತಯಾರಕರು ಹೇಳಿದ ಅಂತರದಲ್ಲಿ ಮಾಸ್ಟನ್ನು ಕಟ್ಟಡಕ್ಕೆ ಬಿಗಿಯುವ ವಾಲ್ ಟೈಗಳ ಬೋಲ್ಟುಗಳು ಬೇರೆ.

ಎರಡು ಬೋಲ್ಟಿನ ಬೆಲೆ

2012ರ ಸೆಪ್ಟೆಂಬರ್ 13ರಂದು ಚೀನಾದ ವೂಹಾನ್‌ನಲ್ಲಿ 33 ಮಹಡಿಯ ಕಟ್ಟಡವೊಂದರ ಹಾಯಿಸ್ಟ್ ಕಳಚಿ ಬಿದ್ದು 19 ಕಾರ್ಮಿಕರು ಸತ್ತರು. ತನಿಖೆಯಲ್ಲಿ ಸಿಕ್ಕ ಕಾರಣ ಹೀಗಿತ್ತು: ಮಾಸ್ಟಿನ 66 ಮತ್ತು 67ನೇ ತುಂಡುಗಳ ಸಂದಿಯಲ್ಲಿ ನಾಲ್ಕು ಬೋಲ್ಟುಗಳ ಪೈಕಿ ಎರಡರ ನಟ್ಟುಗಳು ಕಳಚಿಹೋಗಿದ್ದವು. 12 ಜನರಿಗೆ ಅನುಮತಿ ಇದ್ದ ಪಂಜರದಲ್ಲಿ 19 ಜನರಿದ್ದರು. 2019ರ ಏಪ್ರಿಲ್ 25ರಂದು ಅದೇ ದೇಶದ ಹೆಂಗ್‌ಶೂಯಿಯಲ್ಲಿ 11 ಜನ ಸತ್ತ ದುರಂತದಲ್ಲೂ ಸಿಕ್ಕ ಕಾರಣ ಹೆಚ್ಚುಕಡಿಮೆ ಅದೇ. 16 ಮತ್ತು 17ನೇ ತುಂಡುಗಳ ಸಂದಿಯಲ್ಲಿ ಎರಡು ಬೋಲ್ಟುಗಳನ್ನು ಹಾಕಿರಲೇ ಇಲ್ಲ. ಎತ್ತರ ಹೆಚ್ಚಿಸಿದ ಮೇಲೆ ಯಾರೂ ಪರೀಕ್ಷಿಸದೆ ಯಂತ್ರವನ್ನು ಬಳಕೆಗೆ ಬಿಟ್ಟಿದ್ದರು.

ಎರಡು ಬೋಲ್ಟು ಇಲ್ಲದಿದ್ದರೂ ಯಂತ್ರ ಓಡುತ್ತಲೇ ಇದ್ದದ್ದು ಹೇಗೆ? ಪಂಜರ ಆ ಸಂದಿಗಿಂತ ಕೆಳಗೆ ಓಡಾಡುವಷ್ಟು ಹೊತ್ತು ಸಂದಿಯ ಮೇಲಿನ ತುಂಡುಗಳು ತಮ್ಮ ಭಾರಕ್ಕೇ ಕೂತಿರುತ್ತವೆ. ಪಂಜರ ಮಾಸ್ಟಿನ ನಡುವೆ ಇರುವುದಿಲ್ಲ, ಒಂದು ಪಕ್ಕದಲ್ಲಿ ಜೋತಿರುತ್ತದೆ. ಅದು ಸಂದಿಯನ್ನು ದಾಟಿ ಮೇಲೆ ಹೋದ ಕೂಡಲೇ ಮಾಸ್ಟನ್ನು ತನ್ನ ಕಡೆಗೆ ವಾಲಿಸಲು ಎಳೆಯುತ್ತದೆ. ಆ ಎಳೆತವನ್ನು ತಡೆಯಬೇಕಾದವು ಎದುರು ಬದಿಯ ಬೋಲ್ಟುಗಳು. ಅವೇ ಇಲ್ಲದಿದ್ದರೆ ಸಂದಿ ಬಾಯಿಬಿಡುತ್ತದೆ. ಅದಕ್ಕೇ ಇಂಥ ದೋಷ ಕೆಳಗಿನ ಮಹಡಿಗಳಲ್ಲಿ ಎಷ್ಟು ಸಲ ಓಡಾಡಿದರೂ ತಿಳಿಯುವುದಿಲ್ಲ. ಪಂಜರ ಓಡುತ್ತಿದೆ ಎಂಬ ಮಾತ್ರಕ್ಕೆ ಮಾಸ್ಟ್ ಗಟ್ಟಿಯಾಗಿದೆ ಎಂದು ಅರ್ಥವಲ್ಲ.

ಇದಕ್ಕೆ ಪರಿಹಾರ ಸರಳ, ಆದರೆ ತಾಳ್ಮೆ ಬೇಕು. ಮಾಸ್ಟ್ ಏರಿಸಿದ ದಿನ ಒಬ್ಬರು ಬಿಗಿಯಬೇಕು, ಇನ್ನೊಬ್ಬರು ನೋಡಬೇಕು. ಕೈಯಂದಾಜು ಸಾಲದು; ತಯಾರಕರ ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿದು, ಬೋಲ್ಟಿನಿಂದ ನಟ್ಟಿನ ಮೇಲೆ ಹಾಯುವಂತೆ ಪೇಂಟಿನಲ್ಲಿ ಒಂದು ಗೆರೆ ಎಳೆಯಬೇಕು. ನಟ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಬೋಲ್ಟನ್ನು ಕೆಳಗಿನಿಂದ ತೂರಿಸಿ ನಟ್ಟು ಮೇಲೆ ಬರುವಂತೆ ಹಾಕುವ ಪದ್ಧತಿಯೂ ಇದೆ. ನಟ್ಟು ಕಳಚಿದರೆ ಬೋಲ್ಟು ಜಾರಿ ಬೀಳುತ್ತದೆ, ಖಾಲಿ ತೂತು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ನಟ್ಟು ಕೆಳಗಿದ್ದರೆ, ಅದು ಕಳಚಿದರೂ ಬೋಲ್ಟು ತೂತಿನಲ್ಲೇ ಕೂತು ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಇದರ ಜೊತೆಗೆ ಥಿಯೊಡೊಲೈಟ್ ಎಂಬ ಕೋನ ಅಳೆಯುವ ಉಪಕರಣ ಇಟ್ಟು ಮಾಸ್ಟ್ ನೆಟ್ಟಗಿದೆಯೇ ಎಂದೂ ನೋಡಬೇಕು.

ಬೆಳಗಿನ ಪರೀಕ್ಷೆ

ಕೆಲಸ ಶುರುವಾಗುವ ಮೊದಲು ಆಪರೇಟರ್ ಒಬ್ಬರೇ ಖಾಲಿ ಪಂಜರದಲ್ಲಿ ಮಾಡಬೇಕಾದ ಕೆಲಸಗಳಿವು.

* ಕೆಳಗಿನ ಬೇಲಿಯೊಳಗೆ ಕಲ್ಲು, ಸರಳು, ಕಸ ಬಿದ್ದಿಲ್ಲ ಎಂದು ಖಚಿತಪಡಿಸಿಕೊಳ್ಳುವುದು. ಬಫರ್ ಸ್ಪ್ರಿಂಗುಗಳನ್ನು ಮತ್ತು ಪಂಜರದ ಜೊತೆ ಏರಿಳಿಯುವ ಕೇಬಲ್ಲನ್ನು ನೋಡುವುದು.
* ಬಾಗಿಲು ತೆರೆದಿಟ್ಟು ಸ್ಟಾರ್ಟ್ ಒತ್ತುವುದು. ಪಂಜರ ಕದಲಬಾರದು. ಕದಲಿದರೆ ಇಂಟರ್‌ಲಾಕ್ ಕೆಟ್ಟಿದೆ ಎಂದರ್ಥ.
* ಎಮರ್ಜೆನ್ಸಿ ಸ್ಟಾಪ್ ಮತ್ತು ಪಂಜರವನ್ನು ಮೇಲಿನ, ಕೆಳಗಿನ ಕೊನೆಯಲ್ಲಿ ತಾನಾಗಿ ನಿಲ್ಲಿಸುವ ಲಿಮಿಟ್ ಸ್ವಿಚ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವುದು.
* ಒಂದೆರಡು ಮೀಟರ್ ಏರಿಸಿ ನಿಲ್ಲಿಸುವುದು. ನಿಂತ ಮೇಲೆ ಪಂಜರ ಕೆಳಗೆ ಜಾರಿದರೆ ಬ್ರೇಕ್ ನೋಡದೆ ಮುಂದೆ ಹೋಗುವಂತಿಲ್ಲ.
* ಆಮೇಲೆ ತುದಿಯವರೆಗೆ ನಿಧಾನವಾಗಿ ಹೋಗಿ ಬರುವುದು. ಸಂದಿ ದಾಟುವಾಗ ಕುಲುಕಾಟ, ಹೊಸ ಸದ್ದು ಇದ್ದರೆ ಗಮನಿಸುವುದು. ಪ್ರತಿ ಮಹಡಿಯ ಗೇಟು ಮುಚ್ಚಿದೆಯೇ, ಅದರ ಚಿಲಕ ಪಂಜರದ ಕಡೆಯಿಂದ ಮಾತ್ರ ತೆರೆಯುವಂತಿದೆಯೇ ಎಂದು ನೋಡುವುದು.

ಸ್ವಿಚ್ ಒಂದು ಕೆಟ್ಟಾಗ ಕೆಲಸ ನಿಲ್ಲದಿರಲಿ ಎಂದು ವೈರ್ ಸೇರಿಸಿ ಬೈಪಾಸ್ ಮಾಡುವ ಅಭ್ಯಾಸ ಕೆಲವು ಸೈಟುಗಳಲ್ಲಿದೆ. ಇದನ್ನು ಯಾವ ಕಾರಣಕ್ಕೂ ಒಪ್ಪಬಾರದು. ಬೈಪಾಸ್ ಮಾಡಿದ ಸ್ವಿಚ್ಚನ್ನು ಮತ್ತೆ ಯಾರೂ ನೆನಪಿಟ್ಟು ಸರಿ ಮಾಡುವುದಿಲ್ಲ.

ಗ್ರೀಸ್, ಧೂಳು, ಮಳೆ

ರ‍್ಯಾಕ್ ಮತ್ತು ಪಿನಿಯನ್ ಹಲ್ಲುಗಳ ಆಯಸ್ಸು ನಿಂತಿರುವುದು ಗ್ರೀಸಿನ ಮೇಲೆ. ಸೈಟಿನ ಗಾಳಿಯಲ್ಲಿರುವ ಸಿಮೆಂಟ್ ಧೂಳು, ಮರಳು ಹಳೆಯ ಗ್ರೀಸಿಗೆ ಅಂಟಿಕೊಂಡರೆ ಅದೇ ಹಲ್ಲುಗಳನ್ನು ಸಾಣೆಕಲ್ಲಿನ ಹಾಗೆ ಸವೆಸುತ್ತದೆ. ಆದ್ದರಿಂದ ಹಳೆಯದರ ಮೇಲೆ ಹೊಸ ಗ್ರೀಸ್ ಮೆತ್ತಿದರೆ ಉಪಯೋಗವಿಲ್ಲ. ಒರೆಸಿ, ಕೊಳೆ ತೆಗೆದು ಹಚ್ಚಬೇಕು. ಜೋರು ಮಳೆ ಗ್ರೀಸನ್ನು ತೊಳೆದುಬಿಡುವುದರಿಂದ ಮಳೆಗಾಲದಲ್ಲಿ ಈ ಕೆಲಸ ಇನ್ನೂ ಬೇಗ ಬೇಗ ಆಗಬೇಕು. ಪಿನಿಯನ್ ಹಲ್ಲಿನ ತುದಿ ಚೂಪಾಗುತ್ತ ಬಂದರೆ ಸವೆತ ಮಿತಿ ಮೀರುತ್ತಿದೆ ಎಂದು ತಿಳಿಯಬೇಕು. ಕಣ್ಣಳತೆಗೆ ಬಿಡದೆ ಗೇಜ್ ಹಿಡಿದು ಅಳೆಯಬೇಕು. ಪಿನಿಯನ್ ಮತ್ತು ರ‍್ಯಾಕ್ ನಡುವಿನ ಸಡಿಲ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನೊಳಗೆ ಇರಬೇಕು. ಹೆಚ್ಚಾಗಿದ್ದರೆ ಬೆನ್ನಿಗೆ ಒತ್ತಿಕೊಂಡಿರುವ ರೋಲರನ್ನು ಸರಿಹೊಂದಿಸಬೇಕು.

ಮಂಗಳೂರಿನಂಥ ಕರಾವಳಿ ಊರುಗಳಲ್ಲಿ ಉಪ್ಪುಗಾಳಿಯಿಂದ ಬೋಲ್ಟು, ಸ್ವಿಚ್ ಪೆಟ್ಟಿಗೆಗಳು ಬೇಗ ತುಕ್ಕು ಹಿಡಿಯುತ್ತವೆ. ಒಳನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಬಿರುಗಾಳಿಯದೇ ಚಿಂತೆ. ಯುರೋಪಿನ ಇಎನ್ 12159 ಮಾನಕದ ಪ್ರಕಾರ ಗಾಳಿ ಗಂಟೆಗೆ 72 ಕಿ.ಮೀ. ಮೀರಿದರೆ ಹಾಯಿಸ್ಟ್ ಓಡಿಸುವಂತಿಲ್ಲ, 45 ಕಿ.ಮೀ. ಮೀರಿದರೆ ಮಾಸ್ಟ್ ಏರಿಸುವ ಕೆಲಸ ಮಾಡುವಂತಿಲ್ಲ. ಬಿರುಗಾಳಿ ಬಂದುಹೋದ ಮೇಲೆ ವಾಲ್ ಟೈ ಬೋಲ್ಟುಗಳನ್ನೆಲ್ಲ ಮತ್ತೆ ನೋಡಿಯೇ ಪಂಜರ ಬಿಡಬೇಕು.

ಬ್ರೇಕ್ ಬಿಸಿಯಾಗುವುದು ಏಕೆ?

ಮೋಟಾರಿನ ಬ್ರೇಕನ್ನು ಸ್ಪ್ರಿಂಗ್ ಹಿಡಿದಿರುತ್ತದೆ. ವಿದ್ಯುತ್ ಬಂದಾಗ ಮಾತ್ರ ಅಯಸ್ಕಾಂತ ಅದನ್ನು ಬಿಡಿಸುತ್ತದೆ. ಕರೆಂಟು ಹೋದರೆ ಪಂಜರ ಇದ್ದಲ್ಲೇ ನಿಲ್ಲಲಿ ಎಂಬುದು ಈ ಏರ್ಪಾಟಿನ ಉದ್ದೇಶ. ಆದರೆ ಜನರೇಟರಿನಿಂದ ತೆಳು ಕೇಬಲ್ಲಿನಲ್ಲಿ ದೂರ ಎಳೆದ ವಿದ್ಯುತ್ತಿನ ವೋಲ್ಟೇಜ್ ಕುಸಿದಾಗ ಬ್ರೇಕ್ ಪೂರ್ತಿ ಬಿಡುವುದಿಲ್ಲ. ಮೋಟಾರು ಬ್ರೇಕನ್ನು ಎಳೆದುಕೊಂಡೇ ತಿರುಗುತ್ತದೆ. ಲೈನಿಂಗ್ ಸುಡುತ್ತದೆ, ಮೋಟಾರು ಕಾಯುತ್ತದೆ. ಹೀಗಾಗಿ ಬ್ರೇಕ್ ಪದೇ ಪದೇ ಸವೆಯುತ್ತಿದ್ದರೆ ಲೈನಿಂಗ್ ಬದಲಿಸುವುದರ ಜೊತೆಗೆ, ಪಂಜರ ಭಾರ ಹೊತ್ತು ಏರುತ್ತಿರುವಾಗ ವೋಲ್ಟೇಜ್ ಎಷ್ಟಿದೆ ಎಂದೂ ಅಳೆಯಬೇಕು. ಮೋಟಾರು ಎರಡಿದ್ದರೆ ಎರಡೂ ಬ್ರೇಕುಗಳು ಒಟ್ಟಿಗೆ ಹಿಡಿಯಬೇಕು. ಒಂದು ಸಡಿಲವಾದರೆ ಇನ್ನೊಂದರ ಮೇಲೆ ಇಡೀ ಹೊರೆ ಬೀಳುತ್ತದೆ.

ಬೇಕೆಂದೇ ಬೀಳಿಸಿ ನೋಡುವ ಪರೀಕ್ಷೆ

ಬ್ರೇಕುಗಳೆಲ್ಲ ಕೈಕೊಟ್ಟರೆ ಕೊನೆಯ ಕಾವಲು ಓವರ್‌ಸ್ಪೀಡ್ ಸೇಫ್ಟಿ ಡಿವೈಸ್. ಅದಕ್ಕೆ ತನ್ನದೇ ಪಿನಿಯನ್ ಇದೆ. ಪಂಜರ ಮಿತಿ ಮೀರಿದ ವೇಗದಲ್ಲಿ ಇಳಿದರೆ ಒಳಗಿನ ತೂಕದ ತುಂಡುಗಳು ತಿರುಗುವ ರಭಸಕ್ಕೆ ಹೊರಕ್ಕೆ ಚಿಮ್ಮಿ ಕೋನಾಕಾರದ ಬ್ರೇಕನ್ನು ಹಿಡಿಸುತ್ತವೆ. ಹಿಡಿತ ಹಂತ ಹಂತವಾಗಿ ಬಿಗಿಯಾಗುತ್ತ ಪಂಜರ ನಿಲ್ಲುತ್ತದೆ, ಜೊತೆಗೇ ಮೋಟಾರಿನ ವಿದ್ಯುತ್ತೂ ಕಡಿದುಹೋಗುತ್ತದೆ.

ದಿನನಿತ್ಯದ ಓಡಾಟದಲ್ಲಿ ಇದು ಕೆಲಸ ಮಾಡುವ ಸಂದರ್ಭವೇ ಬರುವುದಿಲ್ಲ. ಅದಕ್ಕಾಗಿ ಡ್ರಾಪ್ ಟೆಸ್ಟ್ ಮಾಡಬೇಕು. ಮೂರು ತಿಂಗಳಿಗೊಮ್ಮೆ ಮಾಡಿ ಎಂದು ಹಲವು ತಯಾರಕರ ಕೈಪಿಡಿಗಳು ಹೇಳುತ್ತವೆ. ಪಂಜರದಲ್ಲಿ ನಿಗದಿತ ತೂಕ ಇಟ್ಟು, ಜನರನ್ನೆಲ್ಲ ಹೊರಗೆ ಕಳಿಸಿ, ಉದ್ದನೆಯ ಕೇಬಲ್ಲಿಗೆ ಜೋಡಿಸಿದ ಗುಂಡಿಗಳ ಪೆಟ್ಟಿಗೆಯನ್ನು (ಪೆಂಡೆಂಟ್) ಬೇಲಿಯ ಹೊರಗೆ ಹಿಡಿದು ಪಂಜರವನ್ನು ಸುಮಾರು ಹತ್ತು ಮೀಟರ್ ಏರಿಸುತ್ತಾರೆ. ಡ್ರಾಪ್ ಗುಂಡಿ ಒತ್ತಿದರೆ ಬ್ರೇಕ್ ಬಿಟ್ಟು ಪಂಜರ ಇಳಿಯುತ್ತ ವೇಗ ಪಡೆಯುತ್ತದೆ. ಸೇಫ್ಟಿ ಡಿವೈಸ್ ಹಿಡಿಯಬೇಕು. ನೆಲ ಹತ್ತಿರವಾದರೂ ಹಿಡಿಯದಿದ್ದರೆ ಕೂಡಲೇ ಗುಂಡಿ ಬಿಡಬೇಕು. ಮೋಟಾರ್ ಬ್ರೇಕ್ ಪಂಜರವನ್ನು ನಿಲ್ಲಿಸುತ್ತದೆ. ಆಮೇಲೆ ಆ ಡಿವೈಸನ್ನು ಬಿಚ್ಚಿ ತಯಾರಕರಿಗೆ ಕಳಿಸಬೇಕು, ಸೈಟಿನಲ್ಲಿ ಅದನ್ನು ತೆರೆಯಬಾರದು. ಅದರ ಮೇಲಿನ ಕ್ಯಾಲಿಬ್ರೇಶನ್ ಚೀಟಿಯ ತಾರೀಖು ಮುಗಿದಿದ್ದರೂ ಇದೇ ಮಾತು.

ಕಾರ್ಖಾನೆಯ ಹಗ್ಗದ ಲಿಫ್ಟು

ಹಲ್ಲು ಹಿಡಿದು ಹತ್ತದೆ ಹಗ್ಗದಲ್ಲಿ ಏರಿಳಿಯುವ ಕಾರ್ಖಾನೆ, ಗೋದಾಮುಗಳ ಸರಕು ಲಿಫ್ಟುಗಳಲ್ಲಿ ಮುಖ್ಯವಾಗಿ ನೋಡಬೇಕಾದ್ದು ಉಕ್ಕಿನ ಹಗ್ಗ. ಬಟ್ಟೆಯ ತುಂಡು ಹಿಡಿದು ಹಗ್ಗದ ಮೇಲೆ ಎಳೆದರೆ ತುಂಡಾದ ಎಳೆಗಳು ಬಟ್ಟೆಗೆ ಸಿಕ್ಕಿಕೊಂಡು ತಿಳಿಯುತ್ತವೆ. ಬರಿಗೈಯಲ್ಲಿ ಮುಟ್ಟಬಾರದು. ವ್ಯಾಸ ಕುಗ್ಗಿದ, ಮಡಿಕೆ ಬಿದ್ದ, ಒಳಗೆ ತುಕ್ಕು ಹಿಡಿದ ಹಗ್ಗವನ್ನು ರಿಪೇರಿ ಮಾಡಲಾಗದು, ಬದಲಿಸಲೇಬೇಕು. ಅರ್ಹ ವ್ಯಕ್ತಿಯಿಂದ ಆರು ತಿಂಗಳಿಗೊಮ್ಮೆಯಾದರೂ ಸಮಗ್ರ ಪರೀಕ್ಷೆ, ಅದರ ದಾಖಲೆಗೆ ರಿಜಿಸ್ಟರ್, ಪಂಜರದ ಮೇಲೆ ಎದ್ದುಕಾಣುವಂತೆ ಬರೆದ ಭಾರಮಿತಿ, ಜನ ಹತ್ತುವ ಲಿಫ್ಟಾದರೆ ಕನಿಷ್ಠ ಎರಡು ಹಗ್ಗ: ಈ ಕ್ರಮವನ್ನು 1948ರ ಕಾರ್ಖಾನೆ ಕಾಯ್ದೆಯ 28ನೇ ಸೆಕ್ಷನ್ನೇ ಹಾಕಿಕೊಟ್ಟಿತು.

ಸಮಯ ಕೊಡಿ, ಅಧಿಕಾರ ಕೊಡಿ

2023ರ ಸೆಪ್ಟೆಂಬರ್‌ನಲ್ಲಿ, ಐದು ದಿನಗಳ ಅಂತರದಲ್ಲಿ, ಠಾಣೆ ಮತ್ತು ಗ್ರೇಟರ್ ನೋಯ್ಡಾದ ಕಟ್ಟಡಗಳಲ್ಲಿ ಲಿಫ್ಟ್ ಬಿದ್ದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಇಂಥ ಪಂಜರಗಳಲ್ಲಿ ಹತ್ತುವವರು ಹೆಚ್ಚಾಗಿ ದೂರದೂರಿಂದ ದುಡಿಯಲು ಬಂದವರು. ಯಂತ್ರದ ಸ್ಥಿತಿ ಕೇಳುವ ಧೈರ್ಯವೂ ಅವಕಾಶವೂ ಅವರಿಗಿರುವುದಿಲ್ಲ. ಅವರ ಪರವಾಗಿ ಕೇಳಬೇಕಾದವರು ಕಟ್ಟಡ ಕಟ್ಟಿಸುವವರು, ಗುತ್ತಿಗೆದಾರರು, ಸೈಟ್ ಎಂಜಿನಿಯರುಗಳು. ನಿರ್ವಹಣೆಯ ಸಮಯವನ್ನು ಕೆಲಸದ ವೇಳಾಪಟ್ಟಿಯಲ್ಲೇ ಸೇರಿಸಿ. ರಿಪೇರಿ ನಡೆಯುವಾಗ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ರಿಪೇರಿ ಮಾಡುವವರ ಜೇಬಿನಲ್ಲೇ ಇರಲಿ. ಅನುಮಾನ ಬಂದರೆ ಪಂಜರ ನಿಲ್ಲಿಸುವ ಅಧಿಕಾರ ಆಪರೇಟರಿಗಿರಲಿ, ನಿಲ್ಲಿಸಿದ್ದಕ್ಕೆ ಅವರನ್ನು ಯಾರೂ ಗದರಿಸದಿರಲಿ. ಮತ್ತು ಮಾಸ್ಟ್ ಏರಿಸಿದ ದಿನ, ಎಲ್ಲ ಬೋಲ್ಟುಗಳನ್ನೂ ನೋಡಿದ್ದೇನೆ ಎಂದು ಒಬ್ಬರು ಬರೆದು ಸಹಿ ಹಾಕುವ ತನಕ ಆ ಪಂಜರಕ್ಕೆ ಯಾರನ್ನೂ ಹತ್ತಿಸಬೇಡಿ.