ಮಹಾನಗರ ಪಾಲಿಕೆಯ ಕಡೆಯ ವಸಂತ

ಚೈತ್ರ ಕಾಲಿಟ್ಟಿತೆಂಬುದನ್ನು ಬೆಂಗಳೂರಿನವರಿಗೆ ಕೋಗಿಲೆ ಬಂದು ತಿಳಿಸಬೇಕಾಗಿಲ್ಲ. ಹೊಂಗೆಯ ಹೂವು ಕಾಲುದಾರಿಯ ಮೇಲೆ ಅರಳು ಚೆಲ್ಲಿದಂತೆ ಬಿದ್ದಿರುತ್ತದೆ. ಜಕರಂಡಾ ಮರಗಳು ಎಲೆಯ ಹಂಗಿಲ್ಲದೆ ನೀಲಿಗಟ್ಟಿ ನಿಂತಿರುತ್ತವೆ. ಮನೆಯ ಯಜಮಾನರು ಬೀರುವಿನ ಮೇಲಿನ ಅರೆಯಿಂದ ಕಳೆದ ವರ್ಷದ ಕಂದಾಯದ ರಸೀದಿಯನ್ನು ಹುಡುಕಿ ತೆಗೆಯುತ್ತಾರೆ. ಏಪ್ರಿಲ್ ತಿಂಗಳು ಮುಗಿಯುವುದರೊಳಗೆ ಇಡೀ ವರ್ಷದ ಆಸ್ತಿ ತೆರಿಗೆಯನ್ನು ಒಮ್ಮೆಗೇ ಕಟ್ಟಿದವರಿಗೆ ನೂರಕ್ಕೆ ಐದರಂತೆ ರಿಯಾಯಿತಿಯುಂಟಷ್ಟೆ! ಯುಗಾದಿಯ ಒಬ್ಬಟ್ಟಿನ ಮಾತು ಮುಗಿದ ಕೂಡಲೆ ಪಡಸಾಲೆಯಲ್ಲಿ ಆರಂಭವಾಗುವ ಚರ್ಚೆ ಇದೇ.

ನಮ್ಮ ಬೀದಿಯ ಮೂಲೆಯ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೀದಿಯ ಮಕ್ಕಳಿಗೆಲ್ಲ ಅವರು 'ಅರ್ಜಿ ತಾತ.' ಪ್ರತಿ ವಸಂತದಲ್ಲಿಯೂ ಅವರು ನಮ್ಮ ವಾರ್ಡಿನ ಕಾರ್ಪೊರೇಟರಿಗೆ ಒಂದು ಅರ್ಜಿ ಬರೆಯುವುದು ವಾಡಿಕೆಯಾಗಿದ್ದಿತು. ಬೇಸಗೆಯ ನೀರು, ಒಣಗಿದ ಕೊಂಬೆ, ಮಳೆಗೆ ಮುನ್ನ ಚರಂಡಿಯ ಹೂಳು ಎಂದು ಮೂರೇ ವಿಷಯ. ಗುಂಡು ಗುಂಡಾದ ಅಕ್ಷರ; ಮೇಲೆ 'ಮಾನ್ಯರೇ' ಎಂಬ ಒಕ್ಕಣೆ. ಬೆಳಗ್ಗೆ ಕಾಫಿಯಾದ ಮೇಲೆ ತಾವೇ ನಡೆದುಹೋಗಿ ಕೊಟ್ಟು, ಅಲ್ಲಿ ಇನ್ನೊಂದು ಲೋಟ ಕಾಫಿ ಕುಡಿದು ಬರುವರು. 2020ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಅಂದಿನಿಂದ ತಾತನಿಗೆ ಒಂದು ತೊಡಕು. ಅರ್ಜಿಯ ಒಡಲೆಲ್ಲ ಸಿದ್ಧವಾಗುತ್ತದೆ. ಎಡಬದಿಯಲ್ಲಿ 'ಗೆ' ಎಂದು ಬರೆದು, ಅದರ ಕೆಳಗೆ ಯಾರ ಹೆಸರನ್ನು ಬರೆಯಬೇಕೆಂದು ತಿಳಿಯುವುದಿಲ್ಲ.

ಇಲ್ಲಿ ಹೇಳಹೊರಟಿರುವುದು 2025ರ ವಸಂತದ ಸಮಾಚಾರ. ಅದು ಆ ಪಾಲಿಕೆಯು ಕಂಡ ಕಡೆಯ ವಸಂತ. ಸದಸ್ಯರಿಲ್ಲದೆ ಕಳೆದ ಐದನೆಯದು.

ಪಾಲಿಕೆಯ ವಂಶಾವಳಿಯನ್ನು ಒಂದಿಷ್ಟು ಹೇಳಬೇಕು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪೌರಮಂಡಲಿಗಳು ಹುಟ್ಟಿದುವು. ದಂಡು, ಪೇಟೆಗಳೆರಡನ್ನೂ ಕೂಡಿಸಿ 1949ರಲ್ಲಿ ಕಾರ್ಪೊರೇಷನ್ ಮಾಡಿದರು. 2007ರಲ್ಲಿ ಸುತ್ತಲಿನ ಏಳು ನಗರಸಭೆಗಳು, ಒಂದು ಪುರಸಭೆ, 110 ಹಳ್ಳಿಗಳು ಇದರೊಳಕ್ಕೆ ಬಂದು 'ಬೃಹತ್' ಎಂಬ ವಿಶೇಷಣ ಸೇರಿತು. 2010ರಲ್ಲಿ ಒಂದು ಚುನಾವಣೆ, 2015ರಲ್ಲಿ ಇನ್ನೊಂದು, ವಾರ್ಡುಗಳು 198. ಕೊನೆಯ ಮೇಯರು ಗೌತಮ್ ಕುಮಾರ್. ಅವರ ತರುವಾಯ ಆಡಳಿತಾಧಿಕಾರಿಗಳು. 2020ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಚುನಾವಣೆ ನಡೆಸಿರೆಂದಿತು. ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ವಾರ್ಡುಗಳನ್ನು 243 ಎಂದು ಹಂಚಿದರು. ಸರ್ಕಾರ ಬದಲಾದ ಮೇಲೆ 225 ಎಂದು ಮತ್ತೆ ಹಂಚಿದರು. ನಕ್ಷೆಗಳು ಬದಲಾದವೇ ಹೊರತು ಮತಪೆಟ್ಟಿಗೆ ಹೊರಕ್ಕೆ ಬರಲಿಲ್ಲ.

ಈಗ ವಸಂತದ ವಾರ್ತೆಗೆ ಬರೋಣ.

ಮೊದಲನೆಯದು ಆಯವ್ಯಯ. 2025ರ ಮಾರ್ಚ್ 29, ಶನಿವಾರ, ಯುಗಾದಿಯ ಹಿಂದಿನ ಅಮಾವಾಸ್ಯೆಯ ದಿನ, ಪಾಲಿಕೆಯ ಮುಂಗಡಪತ್ರ ಮಂಡನೆಯಾಯಿತು. ಮೊತ್ತ 19,900 ಕೋಟಿ ರೂಪಾಯಿಗಳನ್ನು ಮೀರಿತ್ತು. ಹಿಂದಿನ ವರ್ಷದ್ದು 12,000 ಕೋಟಿಯ ಆಸುಪಾಸು. ಇಷ್ಟು ದೊಡ್ಡ ಹಣದ ಲೆಕ್ಕವನ್ನು ಓದಿದವರು ಒಬ್ಬ ಅಧಿಕಾರಿಗಳು. ಕೌನ್ಸಿಲು ಇದ್ದ ಕಾಲದಲ್ಲಿ ತೆರಿಗೆ ಮತ್ತು ಹಣಕಾಸು ಸ್ಥಾಯಿಸಮಿತಿಯ ಅಧ್ಯಕ್ಷರು ಎದ್ದುನಿಂತು ಓದುವರು. ಅನಂತರ ಸಭೆಯಲ್ಲಿ ಗದ್ದಲವೋ ಗದ್ದಲ. 'ನನ್ನ ವಾರ್ಡಿಗೇನು ಕೊಟ್ಟಿರಿ?' ಎಂದು ಒಬ್ಬರು, 'ಕಳೆದ ಸಲ ಕೊಟ್ಟದ್ದು ಎಲ್ಲಿ ಹೋಯಿತು?' ಎಂದು ಇನ್ನೊಬ್ಬರು. ಆ ಗದ್ದಲವನ್ನು ಪತ್ರಿಕೆಗಳಲ್ಲಿ ಓದಿ ನಗುತ್ತಿದ್ದವರಲ್ಲಿ ನಾವೂ ಒಬ್ಬರು. ನಗರಪಿತೃಗಳು ಎಂಬ ಮಾತನ್ನು ನಾವು ಆಡುತ್ತಿದ್ದುದೇ ಕೊಂಚ ಕೊಂಕಿನಿಂದ. ಎರಡನೆಯ ಪ್ರಶ್ನೆಯನ್ನು ಕೇಳುವವರು ಅವರ ಹೊರತು ಬೇರಾರೂ ಇರಲಿಲ್ಲವೆಂಬುದು ಅವರು ಹೋದ ಮೇಲೆ ನಮ್ಮ ಅರಿವಿಗೆ ಬಂತು. 2022ರಲ್ಲಿ ಏನಾಯಿತೆಂಬುದನ್ನು ವಾಚಕರು ಮರೆತಿರಲಾರರು. ಆರ್ಥಿಕ ವರ್ಷದ ಕಟ್ಟಕಡೆಯ ದಿನವಾದ ಮಾರ್ಚ್ 31ರಂದು, ಊರು ಮಲಗುವ ಹೊತ್ತಿನಲ್ಲಿ, ಸಭೆಯಿಲ್ಲ, ಭಾಷಣವಿಲ್ಲ, ಹತ್ತು ಸಾವಿರ ಕೋಟಿಗೂ ಮಿಕ್ಕ ಆಯವ್ಯಯವು ಸದ್ದಿಲ್ಲದೆ ಹೊರಬಿದ್ದಿತು. ಬೆಳಗ್ಗೆ ಹಾಲು ತರಲು ಹೋದವರಿಗೆ ನಗರದ ವಾರ್ಷಿಕ ಲೆಕ್ಕ ಆಗಲೇ ಆಗಿಹೋಗಿತ್ತು.

ಎರಡನೆಯ ವಾರ್ತೆ ಗೃಹಿಣಿಯರಿಗೆ ಸಂಬಂಧಪಟ್ಟದ್ದು. ಏಪ್ರಿಲ್ 1ರಿಂದ ಕಸಕ್ಕೂ ಶುಲ್ಕ ಬಂದಿತು. ಕಟ್ಟಡದ ವಿಸ್ತೀರ್ಣ 600 ಚದರಡಿಯೊಳಗಿದ್ದರೆ ತಿಂಗಳಿಗೆ 10 ರೂಪಾಯಿ; ಸಾವಿರದಿಂದ ಎರಡು ಸಾವಿರ ಚದರಡಿಯ ಮಧ್ಯಮ ಮನೆಗೆ 100; ನಾಲ್ಕು ಸಾವಿರ ಮೀರಿದ ದೊಡ್ಡ ಮನೆಗೆ 400. ಇದನ್ನು ಆಸ್ತಿ ತೆರಿಗೆಯ ಜೊತೆಯಲ್ಲಿಯೇ ವಸೂಲುಮಾಡುವ ಏರ್ಪಾಡು. ಅದೇ ದಿನ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಏಪ್ರಿಲ್ 10ರಿಂದ ಜಲಮಂಡಲಿಯವರು ನೀರಿನ ದರವನ್ನು ಹನ್ನೊಂದು ವರ್ಷಗಳ ಬಳಿಕ ಪರಿಷ್ಕರಿಸಿದರು. ಬೇವು ಬೆಲ್ಲದಲ್ಲಿ ಆ ವರ್ಷ ಬೇವಿನ ಪಾಲು ಹೆಚ್ಚಾಯಿತೆಂದು ನಮ್ಮ ಮನೆಯಲ್ಲಿ ಟೀಕೆ ಬಂದದ್ದುಂಟು.

ನ್ಯಾಯವಾಗಿ ಹೇಳುವುದಾದರೆ ನೀರಿನ ದರದ ಬಗ್ಗೆ ನಮಗೆ ದೂರಿಲ್ಲ. ಕಾವೇರಿಯ ನೀರು ನಮ್ಮ ಕೊಳಾಯಿಗೆ ಬರಬೇಕಾದರೆ ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ, ಯಂತ್ರಗಳು ಹಗಲಿರುಳು ಎತ್ತಿ ತಳ್ಳಬೇಕು. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಎಂದು ಈ ಊರು ನೀರನ್ನು ಅರಸುತ್ತ ದೂರ ದೂರ ಹೋದ ಊರು. 2024ರ ವಸಂತ ನೆನಪಿದೆಯಲ್ಲವೇ? ಸರ್ಕಾರಿ ಕೊಳವೆ ಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದುವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಮಾರ್ಚಿನಲ್ಲಿ ಆಜ್ಞೆಯಾಯಿತು. ಅತಿಥಿಗಳಿಗೆ ಲೋಟದ ತುಂಬ ನೀರು ಕೊಡುವುದಕ್ಕೂ ಕೈ ಹಿಂಜರಿದ ದಿನಗಳವು. ಆ ವರ್ಷದ ಅಕ್ಟೋಬರ್ 16ರಂದು ಕಾವೇರಿಯ ಐದನೆಯ ಹಂತ ಉದ್ಘಾಟನೆಯಾಯಿತು; ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿಯೇ ಇದು. ಸೇರಿಸಿಕೊಂಡುದಕ್ಕೂ ನೀರು ಹರಿಸಿದುದಕ್ಕೂ ನಡುವೆ ಹದಿನೇಳು ವರ್ಷ! ತೆರಿಗೆಯ ನೋಟೀಸು ಅಷ್ಟು ತಡಮಾಡಿರಲಿಲ್ಲವೆಂಬುದನ್ನು ಆ ಕಡೆಯ ನೆಂಟರು ನಗುತ್ತಲೇ ಹೇಳುತ್ತಾರೆ.

ಏಪ್ರಿಲ್ 12, ಚೈತ್ರ ಪೌರ್ಣಮಿ. ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಕರಗ ಹೊರಟಿತು. ತುಂಬು ಮಲ್ಲಿಗೆಯ ಇಳಿಬಿಟ್ಟ ಮಾಲೆಗಳ ನಡುವೆ ಕರಗ, ಸುತ್ತ ಬಿಚ್ಚುಗತ್ತಿ ಹಿಡಿದ ವೀರಕುಮಾರರು, 'ಗೋವಿಂದಾ' ಎಂಬ ಕೂಗು. ಇಂದಿಗೂ ಆ ರಾತ್ರಿ ಹಳೆಯ ಪೇಟೆಯ ಗಲ್ಲಿಗಳು ನಿದ್ದೆಮಾಡುವುದಿಲ್ಲ. ಕರಗವು ತವಕ್ಕಲ್ ಮಸ್ತಾನರ ದರ್ಗಾದ ಮುಂದೆ ಹೋಗಿ ಗೌರವ ಪಡೆದು ಮುಂದುವರಿಯುವ ಪದ್ಧತಿಯನ್ನು ಯಾವ ಸಭೆಯ ನಿರ್ಣಯವೂ ಮಾಡಿದುದಲ್ಲ. ಅದು ತಾನಾಗಿ ನಡೆದುಬಂದಿದೆ. ಸಾಂಕ್ರಾಮಿಕದ 2020 ಮತ್ತು 2021ರಲ್ಲಿ ಉತ್ಸವವು ಗುಡಿಯ ಆವರಣದೊಳಗೇ ಕೆಲವೇ ಜನರ ನಡುವೆ ಮುಗಿಯಿತು. ಪೇಟೆಯ ಮುದುಕಿಯರು ಆ ಎರಡು ವರ್ಷಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕರಗದ ವಿಧಿಗಳು ಸಂಪಂಗಿ ಕೆರೆಯಲ್ಲಿ ನಡೆಯಬೇಕೆಂಬುದು ಸಂಪ್ರದಾಯ. ಸಂಪಂಗಿ ಕೆರೆಯೆಲ್ಲಿ? ಕಂಠೀರವ ಕ್ರೀಡಾಂಗಣಕ್ಕೆ ಹೋದವರು ಆ ಕೆರೆಯ ಅಂಗಳದಲ್ಲಿಯೇ ಕುಳಿತು ಪಂದ್ಯ ನೋಡಿದ್ದಾರೆ. ಒಂದು ಕಾಲಕ್ಕೆ ಪೇಟೆಗೂ ದಂಡಿಗೂ ನಡುವೆ ಹರಡಿಕೊಂಡಿದ್ದ ಆ ಜಲರಾಶಿಯಲ್ಲಿ ಉಳಿದಿರುವುದು ಕರಗಕ್ಕೆಂದು ಬಿಟ್ಟಿರುವ ಒಂದು ಚಿಕ್ಕ ಕೊಳ. ಕೆರೆಯನ್ನು ಮೈದಾನ ಮಾಡುವುದು ಬೇಕೋ ಬೇಡವೋ ಎಂದು ಆಗ ವಾದಿಸಿದವರು ಎಷ್ಟು ಮಂದಿಯೋ. ವಾದಿಸುವುದಕ್ಕೆ ಒಂದು ಸಭೆಯಾದರೂ ಊರಿನಲ್ಲಿತ್ತು.

ಮರಗಳ ವಿಷಯದಲ್ಲಿ ಈ ಊರು ಪುಣ್ಯ ಮಾಡಿದೆ. 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಸಾಹೇಬರು, ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆಯ್ದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ನಾವು ಇಂದು ಕಣ್ತುಂಬ ನೋಡಿ ಚಿತ್ರ ತೆಗೆಯುವ ವಸಂತದಲ್ಲಿ ಬಹುಪಾಲು ಅವರದು. 1976ರ ಮರ ಸಂರಕ್ಷಣಾ ಕಾಯಿದೆಯ ಮೇರೆಗೆ ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಲೇಬೇಕು. ಒಂಟಿ ಒಣಕೊಂಬೆಯ ಮಾತು ಬೇರೆ. ಅರ್ಜಿ ತಾತ ಆ ವಸಂತದಲ್ಲಿ ಮೊಮ್ಮಗಳ ಕೈಯಿಂದ ಸಹಾಯವಾಣಿಗೆ ದೂರವಾಣಿ ಮಾಡಿಸಿದರು. ಆಳುಗಳು ಬಂದು ಕೊಂಬೆಯನ್ನು ಅಚ್ಚುಕಟ್ಟಾಗಿ ಕತ್ತರಿಸಿಕೊಂಡು ಹೋದರು. ಅದನ್ನು ಹೇಳದಿದ್ದರೆ ತಪ್ಪಾದೀತು. ತಾತನಿಗೆ ಮಾತ್ರ ಪೂರ್ತಿ ಸಮಾಧಾನವಾಗಲಿಲ್ಲ. "ಕೊಂಬೆಗೆ ಫೋನು ಸಾಕು ಸ್ವಾಮಿ. ಆ ಮೂಲೆಯ ಬಯಲು ಆಟದ ಮೈದಾನವಾಗಬೇಕೋ ಅಂಗಡಿಯ ಸಾಲಾಗಬೇಕೋ ಎಂಬುದಕ್ಕೆ ಯಾವ ನಂಬರು ಒತ್ತಬೇಕು?" ಎಂದರು.

ವೈಶಾಖದಲ್ಲಿ ಒಂದು ಒಳ್ಳೆಯ ವಾರ್ತೆ ಬಂತು. ಮೇ 1ರಂದು, ಕಾರ್ಮಿಕರ ದಿನ, ನಗರದ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಆದೇಶಗಳು ದೊರೆತುವು. 2022ರ ಜುಲೈನಲ್ಲಿ ಅವರು ಪೊರಕೆಯನ್ನು ಕೆಳಗಿಟ್ಟು ಕುಳಿತಾಗ ಬೀದಿಗಳು ಹೇಗಾದವೆಂಬುದನ್ನು ನಾವೆಲ್ಲ ಮೂಗು ಮುಚ್ಚಿಕೊಂಡು ನೋಡಿದ್ದೆವು. ನಮಗೆ ಹೂವಿನ ಹಾಸಿಗೆಯಾಗಿ ಕಾಣುವ ಚೈತ್ರದ ಬೀದಿ ಅವರಿಗೆ ಬೆಳಗಿನ ಆರು ಗಂಟೆಗೆ ಎರಡು ಬುಟ್ಟಿ ಹೆಚ್ಚಿನ ಕಸ. ನಮ್ಮ ಬೀದಿ ಗುಡಿಸುವ ಆಕೆ ಹೊಂಗೆ ಹೂವಿನ ಮೇಲೆ ಕೋಪಗೊಂಡು ಆಡುವ ಮಾತುಗಳನ್ನು ಯಾವ ಕವಿಯೂ ಕೇಳಬಾರದು.

ಅದೇ ತಿಂಗಳ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ ಜಾರಿಗೆ ಬಂದಿತು. ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಒಂದು ಪ್ರಾಧಿಕಾರ; ಕೆಳಗೆ ಹಲವು ನಗರ ಪಾಲಿಕೆಗಳು. ಒಂದೇ ಪಾಲಿಕೆಯಿಂದ ಇಷ್ಟು ದೊಡ್ಡ ಊರನ್ನು ಆಳಲಾಗದು, ಚಿಕ್ಕದಾದರೆ ಜನರಿಗೆ ಹತ್ತಿರವಾದೀತು ಎಂಬುದು ಪರವಾದ ಮಾತು. ಮೇಲಿನ ಪ್ರಾಧಿಕಾರದ ಕೈ ಭಾರವಾದರೆ ಕೆಳಗಿನವರಿಗೆ ಉಳಿಯುವುದೇನು ಎಂಬುದು ವಿರೋಧದ ಮಾತು. ಎರಡರಲ್ಲಿಯೂ ಹುರುಳಿದೆ. ಕಾಯಿದೆ ಬಂದ ಮೂರನೆಯ ರಾತ್ರಿ, ಮೇ 18ರಂದು, ಆಕಾಶ ಹರಿದಂತೆ ಮಳೆ ಸುರಿಯಿತು. ಬೆಳಗಿನೊಳಗೆ ನೂರು ಮಿಲಿಮೀಟರಿಗೂ ಮೇಲೆ. ಹೊರಮಾವಿನ ಸಾಯಿ ಬಡಾವಣೆಯಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತಂದರು. ಮಂಚದ ಮೇಲೆ ಮಂಚವಿಟ್ಟು ಅಕ್ಕಿಯ ಡಬ್ಬ ಕಾಪಾಡಿಕೊಂಡ ತಾಯಂದಿರಿಗೆ ಕಾಯಿದೆಯ ಪ್ರಕರಣಗಳನ್ನು ಓದಲು ಪುರಸತ್ತು ಎಲ್ಲಿಂದ ಬರಬೇಕು?

ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಇಲ್ಲವಾಯಿತು. ಅದರ ಸ್ಥಾನದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು. ಮರುದಿನ ಸಂಜೆ ತಾತ ನಮ್ಮ ಮನೆಗೆ ಬಂದರು. ಕೈಯಲ್ಲಿ ಮಡಿಸಿದ ಕಾಗದ. ನಮ್ಮ ಬೀದಿ ಯಾವ ದಿಕ್ಕಿಗೆ ಸೇರಿತೆಂದು ಕೇಳಿದರು. ನಕ್ಷೆಯನ್ನು ತೆಗೆದು, ಹಿಗ್ಗಿಸಿ, ಕನ್ನಡಕ ಬದಲಿಸಿ ನೋಡಿ, "ದಕ್ಷಿಣ, ತಾತ" ಎಂದೆವು.

"ಸರಿ, ದಕ್ಷಿಣ" ಎಂದು ಅವರು ಕಾಗದವನ್ನು ಬಿಡಿಸಿ, ಜೇಬಿನಿಂದ ಪೆನ್ನು ತೆಗೆದು, "ದಕ್ಷಿಣದಲ್ಲಿ ಯಾರಿಗೆ?" ಎಂದರು.